ಜೇಬಿನಲ್ಲಿ ಉಳಿದ ಜೆಟ್‌ಗಳು

ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರಿನ ಕಾರ್ಬುರೇಟರಿನ ಬಾಯಿಗೆ ಹಿಡಿದು, ಇನ್ನೊಂದನ್ನು ಬಲಗಿವಿಗೆ ಒತ್ತಿಕೊಂಡ ಅಣ್ಣನಿಗೆ ಏನೂ ಕೇಳಿಸಲಿಲ್ಲ. ಮೆಲ್ಲಗೆ ಎಡಗಿವಿಗೆ ಬದಲಿಸಿಕೊಂಡ. ತಮ್ಮ ನೋಡಲಿಲ್ಲವೆಂದುಕೊಂಡ. ಎರಡು ಕಾರ್ಬುರೇಟರುಗಳೂ ಒಂದೇ ಸಮ ಗಾಳಿ ಎಳೆಯುತ್ತಿವೆಯೇ ಎಂದು ಇಪ್ಪತ್ತು ವರ್ಷದಿಂದ ತೀರ್ಪು ಕೊಡುತ್ತಿದ್ದದ್ದು ಅವನ ಕಿವಿಯೇ.

"ಸರಿಯಾಯ್ತು," ಎಂದ.

ತಮ್ಮನ ಬಾಮೈದ ಮೀಟರೊಂದನ್ನು ಎರಡಕ್ಕೂ ಹಿಡಿದು ನೋಡಿದ. "ಇಲ್ಲ ಭಾವ, ಮುಂದಿನದು ಜಾಸ್ತಿ ಎಳೀತಿದೆ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪ?" ಎಂದ ಅಣ್ಣ. ತಮ್ಮ ಬಗ್ಗಿ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. ಮೀಟರಿನ ಮುಳ್ಳು ಸರಿಯಾದ ಜಾಗಕ್ಕೆ ಬಂತು.

"ಈ ಸಲ ಓಟಕ್ಕೆ ಇವನೇ ಬರ್ತಾನೆ ಅಣ್ಣ. ನಿಂಗ್ಯಾಕೆ ಸುಮ್ನೆ ತೊಂದ್ರೆ."

ತೊಂದರೆಯಂತೆ! ಆ ಎರಡೇ ಸೀಟಿನ ಹಳೇ ಕಾರನ್ನು ಗುಜರಿಯಿಂದ ಎತ್ತಿ ತಂದವರು ಇಬ್ಬರೂ. ಪ್ರತಿ ವರ್ಷ ಬೆಟ್ಟ ಹತ್ತಿ ಆಚೆ ಬಯಲಿಗೆ ಇಳಿಯುವ ಆ ಓಟದಲ್ಲಿ ತಮ್ಮನ ಪಕ್ಕದ ಸೀಟು ಅಣ್ಣನದು. ಈಗ ನಿನ್ನೆ ಮೊನ್ನೆ ಬಂದ ಬಾಮೈದನ ಪಾಲು.

ಬೆಟ್ಟದ ಮೇಲೆ ಗಾಳಿ ತೆಳು, ಪೆಟ್ರೋಲೂ ಕಡಿಮೆ ಸಾಕು. ಅದಕ್ಕೇ ಅಣ್ಣ, ಪೆಟ್ರೋಲ್ ಬಿಡುವ ದೊಡ್ಡ ತೂತಿನ ನಾಲ್ಕು ಹಿತ್ತಾಳೆ ಜೆಟ್‌ಗಳನ್ನು ಬಿಚ್ಚಿ ಸಣ್ಣ ತೂತಿನವನ್ನು ಹಾಕಿದ. ಇಳಿಯುವಾಗ ಗಾಳಿ ಮತ್ತೆ ದಟ್ಟ, ದೊಡ್ಡವನ್ನು ಮತ್ತೆ ಹಾಕದಿದ್ದರೆ ಪಿಸ್ಟನ್ ಸುಟ್ಟುಹೋಗುತ್ತದೆ. ಅದು ತಮ್ಮನಿಗೂ ಗೊತ್ತು, ಹಾಗೇ ಇಳಿಯುವ ಹುಂಬನಲ್ಲ. ಅಣ್ಣ ಡಬ್ಬಿಯಲ್ಲಿ ಪ್ಲಗ್ಗು, ಸ್ಪ್ಯಾನರು ತುಂಬಿ ಮುಚ್ಚಿ ಕೊಟ್ಟ. ದೊಡ್ಡ ಜೆಟ್‌ಗಳು ಅವನ ಜೇಬಿಗೆ ಹೋದವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೆಟ್ಟದ ತುದಿಯಲ್ಲಿ ಡಬ್ಬಿ ತೆರೆದವನು ಫೋನ್ ಮಾಡಲಿ, 'ಬಾ ಅಣ್ಣ' ಅನ್ನಲಿ. ಬಸ್ಸಿನಲ್ಲಿ ಹೋದರೆ ಎರಡೇ ತಾಸು.

ಮರುದಿನ ಬೆಳಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನನ್ನು ಎಡಕ್ಕಿಟ್ಟುಕೊಂಡು ಶೆಡ್ಡಿನಲ್ಲಿ ಕೂತ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಫೋನು ಬರಲಿಲ್ಲ. ಎಲ್ಲಿ ಹಾಗೆಯೇ ಇಳಿದುಬಿಟ್ಟರೋ ಎಂದುಕೊಂಡ. ತಾನೇ ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟ.

ಅದರ ಮಾರನೇ ಸಂಜೆ ಕಾರು ಬಂತು. ಇಂಜಿನ್ನು ಒಂದು ಚೂರೂ ತಡವರಿಸುತ್ತಿರಲಿಲ್ಲ.

"ಡಬ್ಬಿಲಿ ಜೆಟ್ ಹಾಕೋದು ಮರ್ತಿದ್ದೆ ಕಣೋ," ಎಂದ ಅಣ್ಣ, ಕಾರನ್ನೇ ನೋಡುತ್ತ.

ಅವನ ಬಲಕ್ಕೆ ನಿಂತಿದ್ದ ತಮ್ಮ ಬಾಯಿ ತೆರೆದವನು ಸುಮ್ಮನಾದ. ಸುತ್ತು ಹಾಕಿಕೊಂಡು ಎಡಗಡೆಗೆ ಬಂದು ನಿಂತ.

"ನೀನು ಕೊಡಲ್ಲ ಅಂತ ಗೊತ್ತಿತ್ತು ಅಣ್ಣ. ಹೋದ ವಾರಾನೇ ಇನ್ನೊಂದು ಸೆಟ್ಟು ತರಿಸಿಟ್ಟಿದ್ದೆ."

"ಹೋದ ವಾರಾನೇ?"

"ಹೂಂ."

ತಮ್ಮ ಕೈ ತೊಳೆಯಲು ಒಳಗೆ ಹೋದ. ಅಣ್ಣ ಕಾರಿನ ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತ. ಬಾಮೈದನ ಉದ್ದ ಕಾಲಿಗೆಂದು ಅದನ್ನು ಹಿಂದಕ್ಕೆ ಸರಿಸಿದ್ದರು. ಅವನ ಪಾದ ಮುಂದಿನ ಹಲಗೆಗೆ ಎಟುಕಲಿಲ್ಲ. ಜೇಬಿನ ಜೆಟ್‌ಗಳು ತೊಡೆಗೆ ಒತ್ತುತ್ತಿದ್ದವು.