ಹಳೆಯ ಜಯಂತನ ದನಿ

ಮೆದುಳಿನ ಉರಿಯೂತ ಇಳಿದು ಮೂರು ತಿಂಗಳಾಗಿತ್ತು. ಜಯಂತನ ಮನಸ್ಸು ಮಾತ್ರ ಮೇಲೇಳಲಿಲ್ಲ. ಊತದ ಬೆನ್ನಿಗೇ ಖಿನ್ನತೆ ಬರಬಹುದು, ಬಂದರೆ ಮುಚ್ಚಿಡದೆ ಹೇಳಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಇವತ್ತು ಹೇಳಿಯೇಬಿಡಬೇಕೆಂದು ತಿಪ್ಪಸಂದ್ರದ ಮನೆಯಿಂದ ಆಸ್ಪತ್ರೆಗೆ ಬರುವ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

"ಹೇಗಿದ್ದೀರಿ?" ಡಾಕ್ಟರು ಕೇಳಿದರು.

ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಫೋರ್‌ಮನ್‌ನಿಂದ ಹಿಡಿದು ಸೈರನ್‌ವರೆಗೆ ಎಲ್ಲವನ್ನೂ ಅನುಕರಿಸಿ ನಗಿಸುತ್ತಿದ್ದ ನಾಲಿಗೆ, ಈಗ ಹಳೆಯ ಜಯಂತನನ್ನೇ ಅನುಕರಿಸಿತು. "ತಲೆ ಊದ್ಕೊಂಡಿದ್ದಾಗ್ಲೇ ವಾಸಿ ಸಾರ್. ಒಳಗೇನೋ ಇದೆ ಅಂತ ಮನೇಲಿ ನಂಬಿದ್ರು."

ಡಾಕ್ಟರು ನಕ್ಕರು. "ಅಂತೂ ನಮ್ಮನೆಯವ್ರು ವಾಪಸ್ ಬಂದ್ರು," ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ಅಂಬುಜಾ ಕಣ್ಣೊರೆಸಿಕೊಂಡಳು. ಆ ಕಣ್ಣು ನೋಡಿದ ಮೇಲೆ ಅವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಬರೆಯತೊಡಗಿದರು. ಜಯಂತ ಗಾಬರಿಯಿಂದ ಇನ್ನೊಂದು ಜೋಕು ಹುಡುಕತೊಡಗಿದ.