ಯಾರ ಕಡೆಯ ರಕ್ತ

ಭಾದ್ರಪದ ಆಗ ತಾನೇ ಹುಟ್ಟಿತ್ತು. ಗೌರಿ ಹಬ್ಬದ ಹಿಂದಿನ ದಿನ, ಗುರುವಾರ, ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಜರುಗುವ ಹೊತ್ತಿಗೆ ಇದು ಶುರುವಾಯಿತು. ಬೆಸಗರಹಳ್ಳಿಯ ನಮ್ಮ ಮನೆ ಮುಂದೆ ಆಟೋ ನಿಂತಿತು. ಅದರಿಂದ ಮೊದಲು ಒಬ್ಬರು ಮೇಷ್ಟ್ರು ಇಳಿದರು. ಅವರ ಹಿಂದೆ ಹಸಿರು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ಅಮೃತ ಇಳಿದಳು.

ಅಮೃತ ನನ್ನ ಅಣ್ಣನ ಮಗ ಶಿವರಾಮುವಿನ ಮೊದಲನೇ ಮಗು. ಹುಟ್ಟಿದಾಗ ಆಸ್ಪತ್ರೆಯವರು ಗಂಡು ಅಂದರು, ಇವರು ಪುನೀತ್ ಅಂತ ಹೆಸರಿಟ್ಟು ಊರಿಗೆಲ್ಲ ಸಕ್ಕರೆ ಹಂಚಿದರು. ಆ ಮಗು ನಡೆಯುವುದಕ್ಕೆ ಕಲಿತಾಗಿನಿಂದ ನಾನು ಅವಳನ್ನು ನೋಡಿದ್ದೇನೆ. ನನಗೇನೂ ಆಶ್ಚರ್ಯವಾಗಲಿಲ್ಲ. ಈಗ ಅವಳು ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಸೀರೆ ಉಡಲು ಶುರುಮಾಡಿದ ಮೇಲೆ ಮನೆಗೆ ಬರಬೇಡ ಅಂದಿದ್ದರು. ಶಿವರಾಮು ಗದ್ದೆಗೆ ಹೋದಾಗ ಅವಳ ತಾಯಿ ವನಜಾ ಅಡುಗೆಮನೆ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು, ಅಷ್ಟೇ.

ನಾನು ಗಂಡ ಹೋದ ಮೇಲೆ ತವರಿಗೆ ಬಂದು ಉಳಿದವಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ನನ್ನ ಎದುರಿಗೇ ಎಲ್ಲವನ್ನೂ ಮಾತಾಡುತ್ತಾರೆ.

ಅಮೃತ ಹೊಸಿಲಾಚೆ ನಿಂತೇ ಹೇಳಿದಳು:

"ಅವ್ವ, ನಾಳೆ ನಂಗೂ ಒಂದು ಗೌರಿದಾರ ಕಟ್ಟು. ಇನ್ನೇನೂ ಬ್ಯಾಡ."

ಅರಿಶಿನ ಹಚ್ಚಿ, ಗಂಟು ಹಾಕಿ, ಗೌರಿಯ ಮುಂದಿಟ್ಟು ಪೂಜೆ ಮಾಡಿದ ದಾರ ಅದು. ಹಬ್ಬದ ದಿನ ತಾಯಿ ತನ್ನ ಹೆಣ್ಣುಮಕ್ಕಳ ಕೈಗೆ ಕಟ್ಟುತ್ತಾಳೆ. ಗಂಡುಮಕ್ಕಳಿಗೆ ಕಟ್ಟುವುದಿಲ್ಲ. ಅವಳು ಕೇಳಿದ್ದು ಒಂದು ಗೇಣು ದಾರ. ಆದರೆ ಅದನ್ನು ಕೊಟ್ಟರೆ ಮಗಳು ಅಂತ ಒಪ್ಪಿದ ಹಾಗೆ. ಅದು ಅವಳಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು.

ಅವತ್ತು ವನಜಾಳ ತಮ್ಮ ನಾಗಯ್ಯನೂ ಬೆಳಕವಾಡಿಯಿಂದ ಬಂದು ಕುಂತಿದ್ದ. ಅಮೃತಳ ತಮ್ಮ ಯತೀಶನಿಗೆ ಮಳವಳ್ಳಿಯಲ್ಲಿ ಹೆಣ್ಣು ಗೊತ್ತುಮಾಡಿದ್ದು ಇವನೇ. ಭಾನುವಾರ ಆ ಕಡೆಯವರು ಮನೆ ನೋಡಲು ಬರುವವರಿದ್ದರು. ಮನೆಯೊಳಗೇ ನಡುಮನೆಯ ಹಿಂದಿರುವ ಕೊಟ್ಟಿಗೆಗೆ ಸುಣ್ಣ ಬಳಿದಾಗಿತ್ತು, ಹೊಸ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಆ ಕುರ್ಚಿಯಲ್ಲೇ ಮೇಷ್ಟ್ರನ್ನು ಕೂರಿಸಿ ಕಾಫಿ ಕೊಟ್ಟರು.

ಮೇಷ್ಟ್ರ ಹೆಸರು ಸುಧೀಂದ್ರ. ಮಂಡ್ಯದವರು, ಅಮೃತಳಿಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವರು. ಕೆಟ್ಟ ಮನುಷ್ಯರೇನಲ್ಲ. ಆದರೆ ತಾವು ಬಾಯಿಬಿಟ್ಟರೆ ಎದುರಿಗಿರುವವರಿಗೆ ತಿಳಿಯುತ್ತದೆ ಅಂತ ನಂಬಿಕೊಂಡವರು. ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಆ ನಂಬಿಕೆ ಹೋಗಿರಲಿಲ್ಲ.

ಫೋನಿನಲ್ಲಿ ಮೆದುಳಿನ ಚಿತ್ರ ತೆಗೆದು ತೋರಿಸುತ್ತಾ ಹೇಳಿದರು: "ನೋಡಿ ಶಿವರಾಮು, ಇದು ಹಟವಲ್ಲ, ಶೋಕಿಯಲ್ಲ. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಮೊದಲು ದೇಹ ರೂಪುಗೊಳ್ಳುತ್ತೆ, ಆಮೇಲೆ ಮೆದುಳು. ಆ ಹೊತ್ತಿನ ಹಾರ್ಮೋನುಗಳಿಂದ ಎರಡೂ ಬೇರೆ ಬೇರೆ ದಾರಿ ಹಿಡಿಯಬಹುದು ಅಂತ ಕೆಲವರು ಹೇಳ್ತಾರೆ. ಅವಳಿ ಮಕ್ಕಳನ್ನ ನೋಡಿ, ಅನುವಂಶೀಯತೆಗೂ ಸ್ವಲ್ಪ ಪಾತ್ರ ಇರಬಹುದು ಅಂತಾರೆ. ಆದರೆ ಇದೇ ಕಾರಣ ಅಂತ ಯಾರಿಗೂ ಇನ್ನೂ ಖಚಿತವಾಗಿ ಗೊತ್ತಿಲ್ಲ."

ಕೊನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

"ಅನು... ಏನಂದ್ರಿ ಸಾ?" ಅಂದ ನಾಗಯ್ಯ.

"ಅನುವಂಶೀಯತೆ. ಅಂದ್ರೆ ತಂದೆ ತಾಯಿಯಿಂದ ಬರೋದು, ರಕ್ತಸಂಬಂಧದಲ್ಲಿ."

"ಯಾವ್ ಕಡೆಯಿಂದ?"

"ಕಡೆ ಅಂತ ಹೇಳೋಕಾಗಲ್ಲ ನಾಗಯ್ಯ."

ಶಿವರಾಮು ಅಲ್ಲಿಯವರೆಗೆ ತಲೆ ತಗ್ಗಿಸಿ ಕುಂತಿದ್ದವನು ತಲೆ ಎತ್ತಿದ. ಮಗಳ ಮುಖ ನೋಡಲು ಬಾರದ ಧೈರ್ಯ ಈಗ ಬಂತು.

"ಒಟ್ಟೇಲಿ ಅಂದ್ರಲ್ಲ ಸಾ. ಒಟ್ಟೆ ಯಾರ್ದು? ನಂದಾ?"

"ಏನ್ ಬಾವಾ, ನಮ್ಮಕ್ಕನ ಮ್ಯಾಲೆ ಆಕ್ತೀಯಾ?" ನಾಗಯ್ಯ ಕುರ್ಚಿಯ ತುದಿಗೆ ಬಂದ. "ನಮ್ಮ ವಂಸದಲ್ಲಿ ಇಂಥದ್ದು ಒಂದೂ ಇಲ್ಲ."

"ಇಲ್ವಾ? ನಿಮ್ಮ ತಾತ ನಾಟಕದಲ್ಲಿ ದ್ರೌಪದಿ ಪಾರ್ಟು ಮಾಡ್ತಿದ್ನಲ್ಲ, ಅದೇನ್ಲಾ?"

"ಲೇ, ಅದು ಕಲೆ ಕಣ್ಲಾ! ಇಡೀ ಬೆಳಕವಾಡಿಯೇ ನಿಂತು ನೋಡ್ತಿತ್ತು!"

"ಮೀಸೆ ಬೋಳಿಸ್ಕೊಂಡು ಆರು ತಿಂಗ್ಳು ಅಂಗೇ ತಿರುಗ್ತಿದ್ನಂತೆ. ಕಲೆಗೆ ಆರು ತಿಂಗ್ಳು ಯಾಕ್ಲಾ?"

"ನಿಮ್ಮ ಚಿಕ್ಕಪ್ಪ ಮದ್ವೆನೇ ಆಗ್ದೆ ಸತ್ನಲ್ಲ, ಅದ್ಯಾಕೆ? ಅದನ್ನ ಯೋಳು ಮೊದ್ಲು!"

ಮೇಷ್ಟ್ರು ಎರಡೂ ಕೈ ಎತ್ತಿ, "ಅಯ್ಯೋ, ನಾಟಕಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ," ಅಂದರು. ಯಾರು ಕೇಳಬೇಕು? ಇಬ್ಬರು ಗಂಡಸರು ಎರಡು ಮನೆತನದ ಹೆಣಗಳನ್ನೆಲ್ಲ ಎಬ್ಬಿಸಿ ಸಾಲಾಗಿ ಕೂರಿಸಿ, ಯಾರ ನಡಿಗೆ ಹೇಗಿತ್ತು, ಯಾರ ದನಿ ಸಣ್ಣಗಿತ್ತು ಅಂತ ತನಿಖೆ ಮಾಡಿದರು. ಅದರಲ್ಲಿ ಒಬ್ಬ ನಮ್ಮ ತಾತ. ಹುಲಿಯಂಥ ಮನುಷ್ಯ. ಒಲೆ ಮುಂದೆ ಕುಂತು ಮುದ್ದೆ ತಿರುವುತ್ತಿದ್ದ ಅನ್ನುವುದಷ್ಟೇ ಅವನ ಅಪರಾಧ.

"ಒಂದು ಟೆಸ್ಟ್ ಮಾಡ್ಸುದ್ರೆ ಆಯ್ತದಲ್ಲ ಸಾ," ಅಂದ ನಾಗಯ್ಯ. "ರಕ್ತ ತಗುದು ಯಾರ ಕಡೆದು ಅಂತ ನೋಡ್ಬುಡ್ಲಿ."

"ಅಂಥ ಟೆಸ್ಟ್ ಇಲ್ಲ."

"ಟೆಸ್ಟೇ ಇಲ್ದೆ ಇರೋ ಕಾಯ್ಲೆ ಯಾವ್ದು ಸಾ?"

"ಕಾಯಿಲೆಯೇ ಅಲ್ಲ."

"ರಕ್ತದಲ್ಲೂ ಕಾಣಾಕಿಲ್ಲ, ಕಾಯ್ಲೆನೂ ಅಲ್ಲ. ಅಂಗಾರೆ ಕೊಬ್ಬು!" ಅಂದ ಶಿವರಾಮು, ಲೆಕ್ಕ ಸರಿಹೋಯಿತು ಅನ್ನುವ ಹಾಗೆ.

ನಾನು ಗೋಡೆಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದೆ. ರಕ್ತದಲ್ಲಿದ್ದರೆ ವಂಶಕ್ಕೆ ಕಳಂಕ, ರಕ್ತದಲ್ಲಿ ಇಲ್ಲದಿದ್ದರೆ ಕೊಬ್ಬು. ಮೇಷ್ಟ್ರು ಯಾವ ಬಾಗಿಲು ತೆಗೆದರೂ ಇವರು ಆ ಮಗುವನ್ನು ಅದರಿಂದಲೇ ಆಚೆಗೆ ನೂಕುತ್ತಿದ್ದರು.

ಅಷ್ಟರಲ್ಲಿ ವನಜಾ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಂಟಿಕೊಂಡು ನಿಂತಳು. ಕೈಗೆಲ್ಲ ಕಡುಬಿನ ಹಿಟ್ಟು ಮೆತ್ತಿತ್ತು.

"ಸಾ, ಇವ್ಳು ಒಟ್ಟೇಲಿದ್ದಾಗ ಪರಂಗಿ ಅಣ್ಣು ತಿಂದಿದ್ದೆ. ಗ್ರಾಣ ಹಿಡಿದಾಗ ಆಚಿಗೂ ಓಗಿದ್ದೆ. ಅದ್ಕಾ?"

ಅಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಅಂತ ನನಗೆ ಅವತ್ತು ತಿಳಿಯಿತು.

ಮೇಷ್ಟ್ರು ಫೋನನ್ನು ಜೇಬಿಗಿಟ್ಟರು. "ಇಲ್ಲಮ್ಮ. ನೀವು ಮಾಡಿದ್ದು ಏನೂ ಇಲ್ಲ," ಅಂದರು. ಅಷ್ಟೆಲ್ಲ ಮಾತಿನಲ್ಲಿ ಉಪಯೋಗಕ್ಕೆ ಬಂದಿದ್ದು ಅದೊಂದೇ. ಸಂಜೆ ಬಸ್ಸಿಗೆ ಹೊರಡುವಾಗ ನನ್ನ ಹತ್ತಿರ ಬಂದು, "ಒಳ್ಳೇ ಜನ ಅಜ್ಜಿ, ಪ್ರಶ್ನೆ ಕೇಳ್ತಾರೆ, ನಿಧಾನವಾಗಿ ಅರ್ಥ ಮಾಡ್ಕೋತಾರೆ," ಅಂದರು. ನಾನು ಕೈ ಮುಗಿದೆ. ಓದಿದವರಿಗೆ ಬೇಜಾರು ಮಾಡಬಾರದು.

ಇವರು ಅರ್ಥ ಮಾಡಿಕೊಂಡಿದ್ದನ್ನು ನಾನು ಮೊದಲೂ ನೋಡಿದ್ದೆ. ನಾನು ಲಂಗ ಹಾಕುವ ವಯಸ್ಸಿನಲ್ಲಿ ನಮ್ಮೂರಿನಲ್ಲಿ ಸಣ್ಣತಾಯಿ ಅಂತ ಒಬ್ಬಳಿದ್ದಳು. ಹುಟ್ಟಿದಾಗ ಸಣ್ಣಯ್ಯ. ಸೋಬಾನೆ ಹಾಡಲು ಕುಂತರೆ ಅವಳಂಥ ಗಂಟಲು ಇನ್ನೊಂದಿರಲಿಲ್ಲ, ಮದುವೆ ಮನೆಗೆಲ್ಲ ಅವಳೇ ಬೇಕು. ಅವಳು ಯಾಕೆ ಹಾಗೆ ಅಂದರೆ ಆಗ ದೇವಿ ಮೈಮೇಲೆ ಬಂದಿದ್ದಾಳೆ ಅನ್ನುತ್ತಿದ್ದರು. ಕೆಲವರು ಹೋದ ಜನ್ಮದ ಪಾಪ ಅಂದರು. ಆಮೇಲೆ ಕಾಂಪೌಂಡರ್ ಒಬ್ಬ ಬಂದು ನರದ ದೋಷ ಅಂದ. ಯಾರು ಏನೇ ಅಂದರೂ ಹಾಡು ಮುಗಿದ ಮೇಲೆ ಅವಳಿಗೆ ಎಲೆ ಹಾಕುತ್ತಿದ್ದುದು ಕೊಟ್ಟಿಗೆಯಲ್ಲೇ. ದೇವಿ ಅಂದವರೂ ಅಲ್ಲೇ ಹಾಕಿದರು, ನರ ಅಂದವರೂ ಅಲ್ಲೇ ಹಾಕಿದರು. ಈಗ ಹಾರ್ಮೋನು ಬಂದಿದೆ. ಕೊಟ್ಟಿಗೆಗೆ ಸುಣ್ಣವೂ ಬಳಿದಿದೆ.

ಗುರುವಾರ ರಾತ್ರಿ ಅಮೃತ ಮಲಗಿದ್ದು ಆ ಕೊಟ್ಟಿಗೆಯಲ್ಲೇ. ಊಟ ತಗೊಂಡು ಹೋದವಳು ನಾನು.

"ಮೇಷ್ಟ್ರನ್ನ ಕರ್ಕೊಂಡ್ ಬಂದಿದ್ದೇ ತಪ್ಪಾಯ್ತು ಕಣಜ್ಜಿ," ಅಂದಳು. "ಕಾರಣ ಗೊತ್ತಾದ್ರೆ ಅಪ್ಪನ ಕ್ವಾಪ ಇಳೀತದೆ ಅಂದ್ಕೊಂಡಿದ್ದೆ."

"ನಿಂಗೆ ಗೊತ್ತಾ ಕಾರಣ?"

"ಇಲ್ಲ. ಗೊತ್ತಾದ್ರೆ ಓದ್ತೀನಿ, ಸುಮ್ನೆ." ನಕ್ಕಳು. "ನೀನು ಎಣ್ಣು ಯಾಕಾದೆ ಅಂತ ನಿಂಗೆ ಗೊತ್ತಾ ಅಜ್ಜಿ?"

"ನನ್ನ ಯಾರ್ ಕೇಳವ್ರೆ," ಅಂದೆ. "ಮುದ್ದೆ ಆರೋಯ್ತದೆ, ತಿನ್ನು."

ಬೆಳಗ್ಗೆ ಶುಕ್ರವಾರ. ವನಜಾ ಮಣೆಯ ಮೇಲೆ ಗೌರಿ ಕೂರಿಸಿ ಪೂಜೆ ಮುಗಿಸಿದಳು. ನನ್ನ ಕಣ್ಣಿಗೆ ಬಿತ್ತು, ಗೌರಿಯ ಮುಂದೆ ಎರಡು ದಾರ ಇಟ್ಟಿದ್ದಳು. ಒಂದು ಅವಳದು. ಇನ್ನೊಂದು ಯಾರದು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮೃತ ಸ್ನಾನ ಮಾಡಿ, ಅದೇ ಹಸಿರು ಸೀರೆ ಉಟ್ಟು ನಡುಮನೆಯ ಬಾಗಿಲಲ್ಲಿ ಬಂದು ನಿಂತಳು. ವನಜಾಳ ಕೈ ದಾರದ ಕಡೆಗೆ ಹೋಯಿತು.

"ಏಯ್, ಬುಡು ಅದ!" ಅಂದ ಶಿವರಾಮು. ವನಜಾ ಕೈ ಹಿಂದಕ್ಕೆ ತಗೊಂಡಳು. "ಗಂಡ್ಮಗನಿಗೆ ದಾರ ಕಟ್ಟಿ ಮನೆ ಆಳ್ ಮಾಡ್ಬೇಕೂಂತ ಇದ್ದೀಯಾ? ನಾನು ಎತ್ತಿದ್ದು ಗಂಡ್ಮಗನ್ನ. ನನ್ನ ಮನೇಲಿ ಇರೋದು ಇಬ್ರು ಗಂಡ್ಮಕ್ಳು. ಬ್ರಹ್ಮ ಬಂದು ಯೋಳುದ್ರೂ ಅಷ್ಟೇ, ಮೇಷ್ಟ್ರು ಬಂದು ಯೋಳುದ್ರೂ ಅಷ್ಟೇ."

"ಭಾನುವಾರ ಮಳವಳ್ಳಿಯೋರು ಬತ್ತಾವ್ರೆ," ಅಂತ ನಾಗಯ್ಯ ತಟ್ಟೆಯಲ್ಲಿದ್ದ ಕಡುಬು ಮುರಿಯುತ್ತಾ ಸೇರಿಸಿದ. "ರಕ್ತದಲ್ಲಿ ಐತೆ ಅಂತ ಅವ್ರ ಕಿವಿಗೆ ಬಿದ್ರೆ ಯತೀಶನಿಗೂ ಐತೇನೋ ಅಂತಾರೆ. ಈಗ್ಲೇ ಕಳಿಸ್ಬುಡು ಬಾವಾ."

ಯತೀಶ ಕಂಬಕ್ಕೆ ಒರಗಿ ಫೋನು ನೋಡುತ್ತಿದ್ದ. ಮಳವಳ್ಳಿಯ ಆ ಹೆಣ್ಣಿನ ಫೋಟೋ ಅವನಿಗೆ ಹಿಡಿಸಿತ್ತು.

"ಅವ್ವ ಕಟ್ಟಾಕಿಲ್ಲ ಅಂದ್ರೆ ನಾನ್ಯಾಕಿರ್ಲಿ," ಅಂದಳು ಅಮೃತ. ಅಳಲಿಲ್ಲ. "ಬತ್ತೀನಿ ಕಣಜ್ಜಿ." ಕೊಟ್ಟಿಗೆಯಿಂದ ಬ್ಯಾಗು ತಂದು ಹೆಗಲಿಗೆ ಹಾಕಿಕೊಂಡು, ನಡುಮನೆ ದಾಟಿ, ಬಾಗಿಲಿಗೆ ಬಂದಳು. ಅರಿಶಿನ ಬಳಿದು ಹೂವಿಟ್ಟ ಹೊಸಿಲು. ಬಲಗಾಲು ಎತ್ತಿದಳು.

"ಏಯ್ ಏಯ್ ಏಯ್! ನಿಂತ್ಕೊ!"

ಶಿವರಾಮು ಕುರ್ಚಿ ಒದ್ದುಕೊಂಡು ಎದ್ದಿದ್ದ. ಮುಖ ಬಿಳಿಚಿಕೊಂಡಿತ್ತು.

"ಇವತ್ತು ಸುಕ್ರವಾರ ಕಣ್ಲಾ! ಅದ್ರಲ್ಲೂ ಗೌರಿ ಅಬ್ಬ! ಸುಕ್ರವಾರ ಎಣ್ಮಕ್ಳು ಯಾರಾದ್ರೂ ತೌರಿನ ಹೊಸಿಲು ದಾಟ್ತಾರೇನ್ಲಾ? ಮನೆ ಲಕ್ಸ್ಮಿನೇ ಆಚಿಗೆ ಓಯ್ತಾಳೆ! ಬುದ್ಧಿ ಐತಾ ನಿಂಗೆ?"

ನಾಗಯ್ಯನ ಕಡುಬು ಬಾಯಿಯ ಹತ್ತಿರವೇ ನಿಂತಿತು. ಅಮೃತ ಎತ್ತಿದ ಕಾಲನ್ನು ಒಳಗೇ ಇಟ್ಟಳು.

ನಮ್ಮ ಕಡೆ ಮಂಗಳವಾರ, ಶುಕ್ರವಾರ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಗಂಡುಮಕ್ಕಳಿಗೆ ಅದಿಲ್ಲ. ಅವರು ಯಾವ ವಾರ ಬೇಕಾದರೂ ಹೋಗಬಹುದು, ಹೋದರೆ ಲಕ್ಷ್ಮಿಗೇನೂ ಬೇಜಾರಿಲ್ಲ. ಶಿವರಾಮು ಈ ಮಾತು ಹುಟ್ಟಿದಾಗಿನಿಂದ ಕೇಳಿದವನು. ಅದು ಅವನ ಬಾಯಿಂದ ಬರಲಿಲ್ಲ, ಬೆನ್ನುಮೂಳೆಯಿಂದ ಬಂತು. ಆಡಿದ ಮೇಲೆ ಏನು ಆಡಿದೆ ಅಂತ ಅವನಿಗೆ ಹೊಳೆಯಿತು.

ನಾನು ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ.

ವನಜಾ ಎದ್ದಳು. ಗೌರಿಯ ಮುಂದಿನ ದಾರ ತಗೊಂಡಳು. ಗಂಡನ ಮುಂದೆಯೇ ಹಾದು ಹೊಸಿಲ ಹತ್ತಿರ ಹೋದಳು.

"ಏನ್ಮೇ ಮಾಡ್ತಿದ್ದೀಯಾ?" ಅಂದ ಶಿವರಾಮು, ದನಿಯಲ್ಲಿ ಜೀವ ಇರಲಿಲ್ಲ.

"ಎಣ್ಮಕ್ಳು ದಾಟಂಗಿಲ್ಲ ಅಂತ ನೀವೇ ಅಂದ್ರಲ್ಲ," ಅಂದಳು ವನಜಾ. "ಗಂಡ್ಮಗ ಆಗಿದ್ರೆ ತಡೀಬೇಕಾಗಿರ್ಲಿಲ್ಲ. ಕೈ ಕೊಡವ್ವ."

ಅಮೃತ ಕೈ ನೀಡಿದಳು. ವನಜಾ ದಾರ ಸುತ್ತಿ ಗಂಟು ಬಿಗಿದಳು.

ನಾಗಯ್ಯ ತಟ್ಟೆ ತಳ್ಳಿ ಎದ್ದ. "ನಿಮ್ಮ ಮನೆತನ ಏನಾರ ಮಾಡ್ಕಳಿ. ಮಳವಳ್ಳಿಯೋರಿಗೆ ನಾನು ಸುಳ್ಳು ಯೋಳಾಕಿಲ್ಲ," ಅಂದ. ಹದಿನೈದು ದಿನದಿಂದ ಅವರಿಗೆ ಹುಡುಗನಿಗೆ ಅಣ್ಣ ತಮ್ಮ ಯಾರೂ ಇಲ್ಲ ಅಂತ ಹೇಳಿಕೊಂಡು ಬಂದವನು ಅವನೇ. ಸತ್ಯದ ಮೇಲೆ ಅವನಿಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ. ಚಪ್ಪಲಿ ಮೆಟ್ಟಿಕೊಂಡು, ಹೂವಿಟ್ಟ ಹೊಸಿಲನ್ನು ದಾಟಿ ಹೋದ. ಯಾರೂ ತಡೆಯಲಿಲ್ಲ. ಅವನು ಗಂಡಸು, ವಾರ ನೋಡಬೇಕಾಗಿರಲಿಲ್ಲ.

ಶಿವರಾಮು ಒಪ್ಪಿದ ಅಂತ ನಾನು ಹೇಳುವುದಿಲ್ಲ. ಶನಿವಾರ ಗಣೇಶನ ಹಬ್ಬ ಪೂರ್ತಿ ಅವನು ಮಗಳ ಹತ್ತಿರ ಮಾತಾಡಲಿಲ್ಲ. ಆದರೆ ಊಟಕ್ಕೆ ಕುಂತಾಗ ಅವಳ ಎಲೆ ನಡುಮನೆಯಲ್ಲೇ ಬಿತ್ತು, ಅವನು ಅದನ್ನು ನೋಡಿಯೂ ನೋಡದವನ ಹಾಗೆ ಸಾರು ಕಲಸಿದ. ಮೆದುಳಿನ ಚಿತ್ರ ತೋರಿಸಿದರೆ ಅಲುಗಾಡದವನು ಶುಕ್ರವಾರಕ್ಕೆ ಹೆದರಿದ. ಇಂಥವರಿಗಾಗಿ ದೊಡ್ಡ ದೊಡ್ಡ ಊರುಗಳಲ್ಲಿ ಓದಿದವರು ಇಲಿ ಕುಯ್ದು, ಅವಳಿ ಮಕ್ಕಳನ್ನು ಅಳೆದು, ಕಾರಣ ಹುಡುಕುತ್ತಿದ್ದಾರಂತೆ. ಹುಡುಕಲಿ. ಸಿಕ್ಕಿದರೆ ಅಮೃತ ಓದುತ್ತಾಳೆ. ಇವರು ಯಾರ ಕಡೆದು ಅಂತ ಕೇಳುತ್ತಾರೆ.

ಭಾನುವಾರ ಮಳವಳ್ಳಿಯಿಂದ ಯಾರೂ ಬರಲಿಲ್ಲ. ಹೊಸ ಕುರ್ಚಿಗಳನ್ನು ಯತೀಶ ಒಂದರ ಮೇಲೊಂದು ಪೇರಿಸಿಟ್ಟ. ಆಮೇಲೆ ಬೈಕು ತೆಗೆದು, ಅಕ್ಕ ಅಂತಲೂ ಅನ್ನದೆ ಅಣ್ಣ ಅಂತಲೂ ಅನ್ನದೆ, "ಮದ್ದೂರ್ ತಂಕ ಬುಟ್‌ಬತ್ತೀನಿ, ಕೂತ್ಕೊ," ಅಂದ. ವನಜಾ ಅವಳ ಹಣೆಗೆ ಕುಂಕುಮ ಇಟ್ಟಳು. ಶಿವರಾಮು ಗದ್ದೆಗೆ ನೀರು ಕಟ್ಟಬೇಕು ಅಂತ ಬೆಳಗ್ಗೆಯೇ ಹೋಗಿದ್ದವನು, ಬೀದಿಯ ತುದಿಯಲ್ಲಿ ಸನಿಕೆ ಹಿಡಿದು ಸುಮ್ಮನೆ ನಿಂತಿದ್ದ.

ಮೇಷ್ಟ್ರು ಗುರುವಾರ ಹೋದರು. ನಾಗಯ್ಯ ಶುಕ್ರವಾರ ಹೋದ. ಅಮೃತ, ಈ ಮನೆಯ ಹೆಣ್ಣುಮಗಳು, ಹೊರಟಿದ್ದು ಭಾನುವಾರ.