ಕೆಂಚನಿಗೆ ಇನ್ನೊಂದು ವರ್ಷ ಕೊಡಬೇಕಿತ್ತು

ಜಗಳೂರು ತಾಲೂಕಿನ ನಮ್ಮ ಹಟ್ಟಿಯಲ್ಲಿ ಕುರಿ ಸಾಕದ ಮನೆ ಕಡಿಮೆ. ತೋಳ ನುಗ್ಗದ ರೊಪ್ಪವೂ ಕಡಿಮೆ. ರೊಪ್ಪ ಎಂದರೆ ಸುತ್ತ ಮುಳ್ಳುಕಂಟಿ ಪೇರಿಸಿ ಮಾಡಿದ ಕುರಿದೊಡ್ಡಿ. ಕಂಟಿಯನ್ನು ಎಷ್ಟು ಎತ್ತರ ಪೇರಿಸಿದರೂ ಬೆಳಗಾದರೆ ಯಾರದಾದರೂ ರೊಪ್ಪದಲ್ಲಿ ಒಂದು ಕುರಿಮರಿ ಇರುವುದಿಲ್ಲ. ತಾಯಿಕುರಿ ಮಾತ್ರ ಕೂಗುತ್ತಿರುತ್ತದೆ.

ನಮ್ಮ ಪಕ್ಕದ ಮನೆಯವರು ಬೈಲಪ್ಪ ಮತ್ತು ಗಾದ್ರಮ್ಮ. ಗಂಡ ಹೆಂಡತಿ ಇಬ್ಬರೇ. ಹೊಲವಿಲ್ಲ. ಇರುವುದು ಕುರಿಹಿಂಡು ಒಂದೇ. ತೋಳ ಬಂದುಹೋದ ದಿನವೆಲ್ಲ ಗಾದ್ರಮ್ಮ ಒಂದೇ ಮಾತು ಹೇಳುತ್ತಿದ್ದರು:

"ಇವೂ ಹೋದ್ರೆ ಮುಗೀತು. ಕಂಡೋರ ಮನೆ ಅಂಗಳದಾಗೆ ಕುಂತು ಅಡಿಕೆ ಸುಲಿಯೋದೇ."

ನಮ್ಮ ಸ್ತ್ರೀಶಕ್ತಿ ಸಂಘದ ಸುನಿತಾ ಪಶುಸಖಿ. ತರಬೇತಿ ಪಡೆದು ಬಂದು ಮನೆಮನೆಯ ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುತ್ತಾಳೆ. ಒಂದು ದಿನ ಔಷಧಿ ಕುಡಿಸುತ್ತಲೇ ಹೇಳಿದಳು:

"ಮಾವ, ಬರೀ ಕಂಟಿಗೆ ತೋಳ ನಿಲ್ಲಲ್ಲ. ಕುರಿ ಕಾಯೋ ನಾಯಿ ಸಾಕ್ರಿ."

"ಹಟ್ಟಿ ತುಂಬ ನಾಯಿ ಅದಾವಲ್ಲವ್ವ," ಎಂದರು ಬೈಲಪ್ಪ. "ತೋಳ ಬಂದ್ರೆ ನಮಗಿಂತ ಮುಂಚೆ ಅವೇ ಮನೆಯೊಳಗೆ ಓಡಿ ಬರ್ತಾವೆ."

"ಅವು ಮನೆ ನಾಯಿ ಮಾವ. ಅಂಗಳದಾಗೆ ಮುದ್ದೆ ತಿಂದು ಬೆಳೆದವು. ಕುರಿ ಸತ್ರೆ ಅವಕ್ಕೇನು? ಮರಿಯಿದ್ದಾಗಿಂದ ರೊಪ್ಪದೊಳಗೆ ಬೆಳೆದ ನಾಯಿಗೆ ಕುರಿಗಳೇ ಅಣ್ಣತಮ್ಮ."

"ಅಣ್ಣತಮ್ಮ ಆದ್ರೆ ಪಾಲು ಕೇಳ್ತಾವೆ ಬಿಡು!"

ಗಾದ್ರಮ್ಮ ನಗಲಿಲ್ಲ. ಅವರು ಸುನಿತಾಳ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರು.

ಆ ಬೇಸಿಗೆಯಲ್ಲಿ ಇಬ್ಬರೂ ಹಿಂಡು ಹೊಡೆದುಕೊಂಡು ಬಸವಾಪಟ್ಟಣದ ಕಡೆ ಹೋದರು. ಅಲ್ಲಿನ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಎಂದರೆ ರಾತ್ರಿ ಕೂಡಿಹಾಕಿಸುತ್ತಾರೆ. ಪಕ್ಕದ ಹೊಲದಲ್ಲಿ ತಂಗಿದ್ದ ಇನ್ನೊಬ್ಬ ಕುರಿಗಾರರ ಹೆಣ್ಣುನಾಯಿ ಹಿಂಡಿನ ನಡುವೆಯೇ ಮರಿ ಹಾಕಿತ್ತು. ಗಾದ್ರಮ್ಮ ಸುನಿತಾಳಿಗೆ ಫೋನ್ ಮಾಡಿದರು.

"ಯಾವುದನ್ನ ತರಾಣವ್ವ?"

"ಮೊದ್ಲು ತಾಯಿ ನೋಡ್ರಿ ಅತ್ತೆ, ಆಮೇಲೆ ಮರಿ. ತಾಯಿ ಏನ್ ಮಾಡ್ತದೆ?"

"ಹಿಂಡಿನ ಸುತ್ತ ತಿರುಗ್ತದೆ. ನಾನು ಹತ್ರ ಹೋದ್ರೆ ಅಡ್ಡ ಬಂದು ನಿಲ್ತದೆ. ಕಚ್ಚಾಕೆ ಬರಲ್ಲ."

"ಅಂಥ ತಾಯಿ ಮರಿನೇ ಬೇಕು. ಎರಡು ತಿಂಗಳು ತುಂಬೋ ತನಕ ತಾಯಿಯಿಂದ ಬಿಡಿಸಬ್ಯಾಡ್ರಿ."

ಬೈಲಪ್ಪನವರ ಕಣ್ಣು ಒಂದು ಕರಿಮರಿಯ ಮೇಲಿತ್ತು. ಅದು ಒಡಹುಟ್ಟಿದವುಗಳನ್ನೆಲ್ಲ ಕೆಡವಿ, ಅವರ ಪಂಚೆಯ ಚುಂಗು ಹಿಡಿದು ಜಗ್ಗುತ್ತಿತ್ತು. "ಇದು ತೋಳನ್ನ ಹರಿದು ಹಾಕ್ತದೆ!" ಎಂದು ಫೋನಿನೊಳಗೆ ಕೂಗಿದರು.

"ಅದು ನಾಳೆ ಕುರೀನೂ ಹರಿದು ಹಾಕ್ತದೆ ಮಾವ. ಮೂಲೆ ಸೇರಿ ನಡುಗೋ ಮರೀನೂ ಬ್ಯಾಡ. ಒಂದೊಂದೇ ಎತ್ಕಂಡು ಅಂಗಾತ ಮಲಗಿಸ್ರಿ. ಸ್ವಲ್ಪ ಒದ್ದಾಡಿ ಸುಮ್ಮನಾಗೋದು ಯಾವುದೋ ಅದನ್ನ ತರ್ರಿ."

ಕೆಂದು ಬಣ್ಣದ ಒಂದು ಗಂಡುಮರಿ ಗಾದ್ರಮ್ಮನವರ ತೊಡೆಯ ಮೇಲೆ ಸ್ವಲ್ಪ ಒದ್ದಾಡಿ, ಆಮೇಲೆ ಆಕಳಿಸಿತು.

"ತೋಳ ಬಂದಾಗ್ಲೂ ಹಿಂಗೇ ಆಕಳಿಸ್ತದೆ ನೋಡು," ಎಂದರಂತೆ ಬೈಲಪ್ಪ. ಎರಡು ತಿಂಗಳು ತುಂಬಿದ ಮೇಲೆ ಗಾದ್ರಮ್ಮ ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಕೆಂಚ ಎಂದು ಹೆಸರಿಟ್ಟರು.

ಸುನಿತಾ ಹೇಳಿದ ಹಾಗೆಯೇ ಸಾಕಿದರು. ರೊಪ್ಪದ ಮೂಲೆಯಲ್ಲಿ ಕಲ್ಲು ಜೋಡಿಸಿ, ಕುರಿ ತುಳಿಯಲು ಬಂದರೆ ಮರಿ ನುಸುಳಿಕೊಳ್ಳುವಷ್ಟು ಗೂಡು ಮಾಡಿದರು. ಅನ್ನ, ನೀರು, ನಿದ್ದೆ ಎಲ್ಲ ಅಲ್ಲೇ. ನಮ್ಮ ಓಣಿಯ ಮಕ್ಕಳು ಆಡಿಸಲು ಎತ್ತಿಕೊಂಡು ಹೋದರೆ ಗಾದ್ರಮ್ಮ ವಾಪಸ್ ತಂದು ಬಿಡುತ್ತಿದ್ದರು. ಹಾಗಂತ ಕಾಡುಪ್ರಾಣಿಯಂತೆ ಬೆಳೆಸಲಿಲ್ಲ. ದಿನಾ ಮೈ ಮುಟ್ಟಿ, ಬಾಯಿ ತೆರೆಸಿ ನೋಡಿ ರೂಢಿ ಮಾಡಿಸಿದರು. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಗೆ ಒಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದರು.

ಒಮ್ಮೆ ಮರಿಯ ಮುಂದೆ ಬೈಲಪ್ಪ ಕುರಿತಲೆ ಎಸೆದಿದ್ದರು. ಸುನಿತಾ ಓಡಿಬಂದು ಕಿತ್ತುಕೊಂಡಳು.

"ಹಸಿ ತಲೆ ಹಾಕಬ್ಯಾಡ್ರಿ ಮಾವ! ಕುರಿ ಮೆದುಳಾಗೆ ಹುಳದ ಗುಳ್ಳೆ ಇದ್ರೆ ಅದು ನಾಯಿ ಹೊಟ್ಟೆ ಸೇರ್ತದೆ. ನಾಯಿ ಹೇಲಿಂದ ಮೇವಿಗೆ, ಮೇವಿಂದ ತಿರುಗಿ ಕುರಿಗೆ. ಒಂದೇ ಕಡೆ ಗರಗರ ಸುತ್ತಿ ಸಾಯ್ತಾವಲ್ಲ ಕುರಿ, ಅದು ಹಿಂಗೇ ಬರೋದು. ನಾಯಿಗೂ ಆಗಾಗ ಹುಳದ ಔಷಧಿ ಕೊಡಿಸ್ರಿ."

"ನಾಯಿಗಿಷ್ಟು ಉಪಚಾರ! ನಮ್ಮಪ್ಪ ನನಗೂ ಮಾಡ್ಲಿಲ್ಲ," ಎಂದರು ಬೈಲಪ್ಪ. ಆದರೆ ತಲೆಯನ್ನು ಗುಂಡಿ ತೋಡಿ ಹೂತರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಚ ಕುರಿಗಳ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುತ್ತಿದ್ದ. ಕತ್ತಲಾದ ಮೇಲೆ ಗುಡ್ಡದ ಕಡೆಗೆ ಮುಖ ಮಾಡಿ ಬೊಗಳುತ್ತಿದ್ದ. ಅವನ ದನಿ ಒಡೆದ ಮೇಲೆ ಆ ರೊಪ್ಪದಿಂದ ಒಂದು ಮರಿಯೂ ಹೋಗಲಿಲ್ಲ. ಬೈಲಪ್ಪನವರ ಅಣ್ಣ ಜುಂಜಪ್ಪ ಮಾತ್ರ, "ತೋಳಗಳೇ ಬ್ಯಾರೆ ಕಡೆ ಹೋಗ್ಯಾವೆ. ಈ ಮಳ್ಳ ನಾಯಿಗೆ ಯಾವುದು ಹೆದರ್ತದೆ?" ಎನ್ನುತ್ತಿದ್ದರು.

ಕೆಂಚನಿಗೆ ಒಂಬತ್ತು ತಿಂಗಳಾದಾಗ ಆ ದಿನ ಬಂತು. ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. ಕುರಿಮರಿಗಳು ನೆಗೆದಾಡುತ್ತಿದ್ದವು. ಅವನೂ ನೆಗೆದ. ಒಂದು ಬಿಳಿಮರಿಯನ್ನು ಅಟ್ಟಿಸಿಕೊಂಡು ಹೋಗಿ ಕಿವಿ ಹಿಡಿದು ಎಳೆದ. ಕಿವಿ ಹರಿಯಿತು. ಕೆಂಚನ ಬಾಯಿಗೆ ರಕ್ತ ಹತ್ತಿತ್ತು.

ನಮ್ಮ ಹಟ್ಟಿಯಲ್ಲಿ ಒಂದು ಕಟ್ಟಳೆಯಿದೆ. ಬಾಯಿಗೆ ಕುರಿಯ ರಕ್ತ ಹತ್ತಿದ ನಾಯಿಯನ್ನು ಹಟ್ಟಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಜುಂಜಪ್ಪ ಬಂದು ರೊಪ್ಪದ ಬಾಗಿಲಲ್ಲಿ ನಿಂತರು.

"ರುಚಿ ಕಂಡೈತೆ. ಇನ್ನು ಬಿಡಲ್ಲ. ನಾಳೆ ನಮ್ಮ ಹಿಂಡಿಗೆ ನುಗ್ಗಿದ್ರೆ ಯಾರು ಜವಾಬು ಹೇಳ್ತೀರಿ?"

ಸುನಿತಾ ಬಿಳಿಮರಿಯ ಕಿವಿಗೆ ಮುಲಾಮು ಹಚ್ಚುತ್ತಲೇ ಬೇಡಿಕೊಂಡಳು. "ದೊಡ್ಡ ಮಾವ, ಅದು ಬೇಟೆ ಅಲ್ಲ, ಆಟ. ಈ ವಯಸ್ಸಿನಾಗೆ ಬಾಳ ಮರಿ ಹಿಂಗೇ ಮಾಡ್ತಾವೆ. ಕೊರಳಿಗೆ ಒಂದು ತುಂಡು ಕಟ್ಟಿಗೆ ಇಳಿಬಿಡ್ರಿ, ಓಡಾಕೆ ಹೋದ್ರೆ ಕಾಲಿಗೆ ಬಡೀತದೆ. ಎಳೇ ಮರಿಗಳಿಂದ ಬ್ಯಾರೆ ಮಾಡಿ ದೊಡ್ಡ ಟಗರುಗಳ ಜೊತೆ ಬಿಡ್ರಿ. ಎರಡು ಗುದ್ದು ತಿಂದ್ರೆ ತಾನೇ ಕಲೀತದೆ. ಕಣ್ಣೆದುರಿಗೆ ತಪ್ಪು ಮಾಡಿದ್ರೆ ಅಲ್ಲೇ ಗದರ್ರಿ. ಇನ್ನೊಂದು ವರ್ಷ ತಾಳ್ರಿ."

"ವರ್ಷಾನಾ? ಅಷ್ಟ್ರಾಗೆ ರೊಪ್ಪ ಖಾಲಿ ಆಗ್ತದೆ!" ಎಂದರು ಜುಂಜಪ್ಪ.

"ರೀ, ಬ್ಯಾಡ," ಎಂದರು ಗಾದ್ರಮ್ಮ. "ಅದು ಬಂದ ಮ್ಯಾಲೆ ನಾವು ಕಣ್ತುಂಬ ನಿದ್ದೆ ಮಾಡೀವಿ."

ಬೈಲಪ್ಪ ಹೆಂಡತಿಯ ಮುಖ ನೋಡಿದರು. ಬೇಲಿಯಾಚೆ ನಿಂತಿದ್ದ ಹಟ್ಟಿಯ ಜನರನ್ನು ನೋಡಿದರು. ಆಮೇಲೆ ಗೋಣಿಚೀಲ ತಂದರು. ಕೆಂಚ ಬಾಲ ಅಲ್ಲಾಡಿಸುತ್ತಲೇ ಚೀಲದೊಳಗೆ ಹೋದ. ಬೈಕಿಗೆ ಕಟ್ಟಿಕೊಂಡು ಹೋಗಿ ಹೆದ್ದಾರಿಯ ಆಚೆ ಬಿಟ್ಟು ಬಂದರು.

ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ಗಾದ್ರಮ್ಮನವರ ಕೂಗಿಗೆ ಹಟ್ಟಿಯೇ ಎದ್ದು ಬಂತು. ಹಿಂದಿನ ಕಂಟಿ ಕೆಳಗೆ ಬಿದ್ದಿತ್ತು. ತೋಳಗಳು ಒಂದೆರಡನ್ನು ಹೊತ್ತೊಯ್ದಿದ್ದವು, ಇನ್ನು ಕೆಲವುಗಳ ಕುತ್ತಿಗೆ ಹರಿದು ಹಾಗೇ ಬಿಟ್ಟಿದ್ದವು. ಬೆದರಿದ ಕುರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತಿದ್ದವು. ಬಿಳಿಮರಿಯೂ ಅಲ್ಲಿತ್ತು. ಹರಿದ ಕಿವಿ ಪೂರ್ತಿ ಮಾಯ್ದಿತ್ತು.

ಬದುಕಿದವು ಬೆರಳೆಣಿಕೆ. ಜುಂಜಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕುಳಿತರು. "ವಿಷ ಇಡಾಣ," ಎಂದು ಯಾರೋ ಅಂದರು.

"ಬ್ಯಾಡ್ರಿ," ಎಂದಳು ಸುನಿತಾ. "ವಿಷ ತೋಳ ಒಂದನ್ನೇ ಕೊಲ್ಲಲ್ಲ. ಕೇಸೂ ಆಗ್ತದೆ. ಸತ್ತ ಕುರಿ ಎತ್ತಬ್ಯಾಡ್ರಿ, ಫೋಟೊ ತೆಗೀರಿ, ಪರಿಹಾರಕ್ಕೆ ಫಾರೆಸ್ಟ್‌ನೋರಿಗೆ ಹೇಳಾಣ."

ಆ ಮಧ್ಯಾಹ್ನ ಬೈಲಪ್ಪ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆಂಚನನ್ನು ಹುಡುಕಲು ಹೋದರು. ಹೆದ್ದಾರಿಯ ಪಕ್ಕ ಟೀ ಅಂಗಡಿಯ ಲಕ್ಷ್ಮೀದೇವಿ ಎಂಬವರಿಗೆ ನೆನಪಿತ್ತು.

"ಕೆಂದು ನಾಯೇನ್ರೀ? ಇಲ್ಲೇ ಬೇವಿನ ಮರದ ಬುಡದಾಗೆ ಕುಂತಿರ್ತಿತ್ತು. ಬನ್ ಹಾಕಿದ್ರೆ ತಿಂದು ಮತ್ತೆ ಅಲ್ಲೇ. ಒಂದಿನ ಸಂತೆಗೆ ಕುರಿ ತುಂಬಿದ ಲಾರಿ ಟೀಗೆ ನಿಲ್ತು ನೋಡ್ರಿ. ಒಳಗೆ ಕುರಿ ಕೂಗಿದ್ದೇ ತಡ, ಇದು ಎದ್ದು ಲಾರಿ ಸುತ್ತ ತಿರುಗಾಕೆ ಹತ್ತಿತು. ಯಾರನ್ನೂ ಹತ್ರ ಬಿಡವಲ್ದು. ಲಾರಿ ಹೊರಟ ಮ್ಯಾಲೆ ಹಿಂದೆ ಓಡಿ ಹೋತು. ಎಂಥ ಹುಚ್ಚು ನಾಯಿ ಅಂತ ನಾವೆಲ್ಲ ನಕ್ಕಿದ್ವಿ."

"ಯಾವ ಕಡೆಗೆ?"

ಆಕೆ ಕೈ ತೋರಿಸಿದರು. ಇಬ್ಬರೂ ಕತ್ತಲಾಗುವ ತನಕ ಆ ದಾರಿಯಲ್ಲಿ ಹುಡುಕಿದರು. ಸಿಗಲಿಲ್ಲ.

ಈಗ ಬೈಲಪ್ಪನವರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ತಾವೇ ಸುನಿತಾಳ ಮನೆಗೆ ಹೋಗಿ, "ಇನ್ನೊಂದು ಮರಿ ಕೊಡಿಸವ್ವ. ಈ ಸಲ ಹಟ್ಟಿಯೋರೆಲ್ಲ ಸೇರಿ ಹೇಳಿದ್ರೂ ಬಿಡಲ್ಲ," ಎಂದರು. ಮರಿ ಬಂದಿದೆ. ಜುಂಜಪ್ಪನವರೇ ಅದಕ್ಕೆ ಕಲ್ಲು ಹೊತ್ತು ತಂದು ಗೂಡು ಕಟ್ಟಿಕೊಟ್ಟರು. ಆದರೆ ಅದು ತೋಳದ ಎದುರು ನಿಲ್ಲಲು ಒಂದೂವರೆ, ಎರಡು ವರ್ಷ ಬೇಕು. ಉಳಿದ ನಾಲ್ಕು ಕುರಿ ಅಲ್ಲಿಯ ತನಕ ಉಳಿಯುತ್ತವೋ ಇಲ್ಲವೋ ಸುನಿತಾಳಿಗೂ ಗೊತ್ತಿಲ್ಲ. ಗಾದ್ರಮ್ಮ ಈ ಸುಗ್ಗಿಗೆ ಅಡಿಕೆ ಸುಲಿಯಲು ಹೋಗಿದ್ದಾರೆ. ಬೈಲಪ್ಪ ರಾತ್ರಿಯೆಲ್ಲ ರೊಪ್ಪದಲ್ಲಿ ಮರಿಯ ಪಕ್ಕ ತಾವೇ ಕಾವಲು ಮಲಗುತ್ತಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನೀವು ಎಲ್ಲಿಯವರೇ ಆಗಿರಿ, ಕುರಿ ಮೇಕೆ ಸಾಕುವವರಾದರೆ ತೋಳ ಬಂದ ಮೇಲೆ ನಾಯಿ ಹುಡುಕಬೇಡಿ. ಇವತ್ತೇ ಹುಡುಕಿ. ಹಿಂಡು ಕಾಯುವ ತಾಯಿಯ ಮರಿಯನ್ನು, ಎರಡು ತಿಂಗಳು ತುಂಬಿದ ಮೇಲೆ ತನ್ನಿ. ಸಮಾಧಾನದ ಮರಿಯನ್ನು ಆರಿಸಿ, ಕುರಿಗಳ ನಡುವೆ ಬೆಳೆಸಿ. ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಿ. ಅದು ಒಂದು ದಿನ ತಪ್ಪು ಮಾಡುತ್ತದೆ. ಆಗ ಹಟ್ಟಿಯವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತಾರೆ. ಅವತ್ತು ಗೋಣಿಚೀಲ ತರಬೇಡಿ. ಪಶುಸಖಿಯನ್ನು ಕರೆಯಿರಿ, ಅವಳ ಮಾತು ಕೇಳಿ.